ಮುಧೋಳದ ನಾಯಿ: ಬೇಟೆಯಿಂದ ಬಣ್ಣದವರೆಗೆ

ಹಲಗೇರಿ, ಮೆಡ್ಲೇರಿ, ದೇವರಗುಡ್ಡದ ಸುತ್ತಿನ ಎರೆಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರಿ ತರುಬುವುದನ್ನು ರಾಣೆಬೆನ್ನೂರು ಸೀಮೆಯವರೆಲ್ಲ ನೋಡಿರುತ್ತಾರೆ. ಹಗಲೆಲ್ಲ ಅಡ್ಡಾಡಿದ ಕುರಿಗಳು ರಾತ್ರಿ ಒಂದೇ ಹೊಲದಲ್ಲಿ ಮಲಗುತ್ತವೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಕುರುಬನಿಗೆ ಕಾಳು ಸಿಗುತ್ತದೆ. ಆ ಮಂದೆಯ ಅಂಚಿನಲ್ಲಿ ನಾಲ್ಕೈದು ನಾಯಿಗಳು ಇದ್ದೇ ಇರುತ್ತವೆ. ಅವುಗಳನ್ನು ಕರೆಯುವ ಹೆಸರುಗಳನ್ನು ಕೇಳಿದರೆ ಹೆಚ್ಚಿನವು ಬಣ್ಣದ ಹೆಸರುಗಳೇ: ಕರಿಯ, ಕೆಂಚ, ಬಿಳಿಯ, ಹಂಡ. ಆದರೆ ನಾಯಿಯನ್ನು ಆರಿಸುವಾಗ ಕುರುಬ ನೋಡುವುದು ಬಣ್ಣವನ್ನಲ್ಲ. ತೋಳ ಬಂದರೆ ಎದುರು ನಿಲ್ಲುತ್ತದೆಯೇ, ರಾತ್ರಿ ಎಚ್ಚರವಿರುತ್ತದೆಯೇ, ಮರಿಗಳಿಗೆ ಬಾಯಿ ಹಾಕುವುದಿಲ್ಲವಷ್ಟೇ ಎಂದು ನೋಡುತ್ತಾನೆ. ಬಣ್ಣ ಅವನಿಗೆ ಗುರುತು ಮಾತ್ರ.

ಅದೇ ಕುರುಬ ತನ್ನ ಕುರಿಯ ವಿಷಯಕ್ಕೆ ಬಂದರೆ ಬಣ್ಣವನ್ನು ಬಹಳ ಗಂಭೀರವಾಗಿ ಪರಿಗಣಿಸುತ್ತಾನೆ. ಮೆಡ್ಲೇರಿಯ ಕಡೆ ನೇಯುವ ಕರಿ ಕಂಬಳಿಗೆ ಕರಿ ಉಣ್ಣೆಯೇ ಬೇಕು. ಹುಟ್ಟುವಾಗಲೇ ಕಪ್ಪಾಗಿರುವ ದಖ್ಖನಿ ಕುರಿಯ ಉಣ್ಣೆಗೆ ಬಣ್ಣ ಹಾಕಬೇಕಾಗಿಲ್ಲ, ಮಳೆಗೆ ಬಿಸಿಲಿಗೆ ಅದು ಸುಲಭವಾಗಿ ಬಿಡುವುದೂ ಇಲ್ಲ. ಆದ್ದರಿಂದ ತಲೆಮಾರುಗಳಿಂದ ಕರಿಯ ಟಗರನ್ನು ಉಳಿಸಿಕೊಂಡು ಬಂದಿದ್ದಾರೆ. ಅಂದರೆ ಬಣ್ಣ ನೋಡಿ ತಳಿ ಬೆಳೆಸುವುದು ಹೊಸ ಕಾಲದ ಕೆಡುಕೇನೂ ಅಲ್ಲ, ಅದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದ್ದದ್ದು. ಹಾಗಿದ್ದರೆ ಇಂದು ನಗರಗಳಲ್ಲಿ ‘ಅಪರೂಪದ ಬಣ್ಣದ ಮರಿ’ ಎಂದು ಜಾಹೀರಾತು ಕೊಟ್ಟು ನಾಯಿಗಳನ್ನು ಮಾರುವುದರಲ್ಲಿ ತಪ್ಪೇನಿದೆ? ಕುರುಬನ ಕರಿಯ ಟಗರಿಗೂ ಪೇಟೆಯ ನೀಲಿ ನಾಯಿಮರಿಗೂ ವ್ಯತ್ಯಾಸವೇನು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಾಯಿಯ ಚರಿತ್ರೆಯೊಳಗೆ ಸ್ವಲ್ಪ ದೂರ ಹೋಗಿಬರಬೇಕಾಗುತ್ತದೆ. ಅದಕ್ಕೆ ನಮ್ಮ ಉತ್ತರ ಕರ್ನಾಟಕದ್ದೇ ಆದ ಮುಧೋಳದ ನಾಯಿ ಒಳ್ಳೆಯ ದಾರಿ ತೋರಿಸುತ್ತದೆ.

ಕಲ್ಲಿನಲ್ಲಿ ಉಳಿದ ನಾಯಿ

ಕನ್ನಡ ನಾಡು ನಾಯಿಯನ್ನು ಮರೆತ ನಾಡಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಕಲ್ಲೊಂದು ನಾಯಿಗಾಗಿಯೇ ನೆಟ್ಟದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧದಲ್ಲಿ ಗಂಗ ಅರಸ ಬೂತುಗ ಅವನ ಜೊತೆಗಿದ್ದ. ಬೂತುಗನ ಸೇವಕ ಮಣಲೆರ ಆ ಕದನದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚುಗೆಯಾಗಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಾಳಿ ಎಂಬ ಹೆಸರಿನಲ್ಲಿ ಕಪ್ಪು ಬಣ್ಣ ಇದ್ದಿರಬಹುದು. ಆದರೆ ಸಾವಿರ ವರ್ಷಗಳಾಚೆಗೂ ನಮಗೆ ಬಂದು ಮುಟ್ಟಿರುವುದು ಅದರ ಬಣ್ಣವಲ್ಲ, ಅದು ಮಾಡಿದ ಕೆಲಸ.

ನಮ್ಮ ದೇವರಗುಡ್ಡಕ್ಕೂ ತುಂಗಭದ್ರೆಯ ಆಚೆಯ ಮೈಲಾರಕ್ಕೂ ಹೋದವರಿಗೆ ಇನ್ನೊಂದು ನೆನಪಿರುತ್ತದೆ. ಕರಿ ಕಂಬಳಿಯ ಅಂಗಿ ತೊಟ್ಟ ಗೊರವಯ್ಯಗಳು ನಾಯಿಯಂತೆ ಬೊಗಳುತ್ತಾರೆ, ದೋಣಿಯಲ್ಲಿ ಹಾಕಿದ ಎಡೆಯನ್ನು ನಾಯಿಗಳಂತೆಯೇ ಕಿತ್ತಾಡಿ ತಿನ್ನುತ್ತಾರೆ. ಮೈಲಾರಲಿಂಗನ ಜೊತೆಗೆ ನಾಯಿ ಇರುತ್ತದೆ. ಭಕ್ತರು ತಾವೇ ಆ ನಾಯಿಗಳಾಗುತ್ತಾರೆ. ಕುರುಬರ ದೇವರ ಜೊತೆ ನಾಯಿ ಇರುವುದರಲ್ಲಿ ಆಶ್ಚರ್ಯವಿಲ್ಲ. ಮಂದೆ ಕಾಯುವವರ ಬದುಕಿನಲ್ಲಿ ಅದರ ಸ್ಥಾನ ಅಂಥದ್ದು.

ಮುಸ್ಲಿಮರ ಮನೆಗಳಲ್ಲಿ ನಾಯಿಯ ಮಾತು ಬಂದರೆ ಪಾಕು-ನಾಪಾಕಿನ ಚರ್ಚೆ ಮೊದಲು ಬರುತ್ತದೆ. ನಾಯಿಯ ಜೊಲ್ಲಿನ ಬಗ್ಗೆ ಫಿಕ್ಹ್‌ನ ಪಂಥಗಳಲ್ಲಿ ಒಮ್ಮತವಿಲ್ಲ. ಮಾಲಿಕಿಗಳು ನಾಯಿಯನ್ನು ಅಶುದ್ಧವೆಂದು ಎಣಿಸುವುದಿಲ್ಲ. ಆ ಚರ್ಚೆ ಏನೇ ಇರಲಿ, ಕುರ್‌ಆನಿನ ಅಲ್-ಮಾಇದಾ ಅಧ್ಯಾಯ ತರಬೇತಿ ಕೊಟ್ಟ ಬೇಟೆಯ ಪ್ರಾಣಿ ಹಿಡಿದು ತಂದದ್ದನ್ನು ತಿನ್ನಲು ಅನುಮತಿ ಕೊಡುತ್ತದೆ. ಅಲ್-ಕಹ್ಫ್ ಅಧ್ಯಾಯದಲ್ಲಿ ಗುಹೆಯ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿ, ಒಳಗೆ ಮಲಗಿದ ಸಜ್ಜನರ ಲೆಕ್ಕದಲ್ಲೇ ಸೇರಿದೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದವನ ಪಾಪ ಕ್ಷಮಿಸಲ್ಪಟ್ಟಿತೆಂಬ ಹದೀಸನ್ನು ನಮ್ಮ ಮದರಸಾಗಳ ಮಕ್ಕಳೂ ಬಲ್ಲರು. ಆ ಕಥೆಯಲ್ಲಿ ನಾಯಿಯ ತಳಿ ಯಾವುದು, ಬಣ್ಣ ಯಾವುದು ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಬಾಯಾರಿತ್ತು, ಅಷ್ಟೇ.

ತಾಜಿಯೂ ತೇಜಿಯೂ

ಫಾರ್ಸಿ ಮತ್ತು ಉರ್ದುವಿನಲ್ಲಿ ‘ತಾಜಿ’ ಎಂಬ ಶಬ್ದ ಅರಬಿ ಕುದುರೆಗೂ ಸಲ್ಲುತ್ತದೆ, ಸಣ್ಣ ಹೊಟ್ಟೆಯ ಉದ್ದ ಕಾಲಿನ ಬೇಟೆನಾಯಿಗೂ ಸಲ್ಲುತ್ತದೆ. ಕನ್ನಡದ ಹಳೆಯ ‘ತೇಜಿ’ ಈ ಶಬ್ದದಿಂದಲೇ ಬಂದದ್ದು. ಬಹಮನಿಗಳ ಕಾಲದಿಂದ ಆದಿಲ್‌ಶಾಹಿಗಳ ಕಾಲದವರೆಗೂ ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ದಖ್ಖನಿಗೆ ಸಾವಿರಾರು ಕುದುರೆಗಳು ಇಳಿದವು. ಕುದುರೆ ತಂದವರ, ಸೈನಿಕರ, ವ್ಯಾಪಾರಿಗಳ ಜೊತೆಗೆ ಅವರ ಓಟದ ನಾಯಿಗಳೂ ಬಂದು, ಇಲ್ಲಿಯ ನಾಯಿಗಳೊಡನೆ ಬೆರೆತು ನಮ್ಮ ಬೇಟೆನಾಯಿ ಆಯಿತೆಂದು ಈ ತಳಿಯ ಬಗ್ಗೆ ಬರೆದವರು ಊಹಿಸುತ್ತಾರೆ. ಸಾರ್ಥ ಅಥವಾ ಕಾರವಾನಿನ ಜೊತೆ ಬಂದದ್ದರಿಂದ ‘ಕಾರವಾನಿ’ ಎಂಬ ಹೆಸರು ಮರಾಠಿ ಸೀಮೆಯಲ್ಲಿ ಇಂದಿಗೂ ಇದೆ. ಕನ್ನಡದವರಿಗೆ ಅದು ಮುಧೋಳದ ನಾಯಿ.

ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ. ಆ ಮನೆತನದವರು ಆದಿಲ್‌ಶಾಹಿಗಳ ಸರದಾರರಾಗಿದ್ದವರು. ಆದರೆ ಈ ನಾಯಿಯನ್ನು ಉಳಿಸಿಕೊಂಡು ಬಂದವರು ಅರಮನೆಯವರಿಗಿಂತ ಮೊದಲು ಬೇಡರು. ಅವರ ಬದುಕೇ ಬೇಟೆ. ನಮ್ಮ ಹಲಗೇರಿಯಲ್ಲ, ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಇಂಗ್ಲಿಷರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಒಪ್ಪದೆ ದಂಗೆಯೆದ್ದದ್ದು, ಊರು ಸುಟ್ಟುಹೋದದ್ದು, ಹಲವರು ಗಲ್ಲಿಗೇರಿದ್ದು ಲಾವಣಿಗಳಿಂದ ನಮಗೆಲ್ಲ ಗೊತ್ತು. ಬೇಟೆಯವನ ಕೈಯಿಂದ ಆಯುಧ ಕಿತ್ತರೆ ಅವನಿಗೆ ಉಳಿಯುವುದು ಅವನ ನಾಯಿಯೊಂದೇ. ಮೊಲದ ಹಿಂದೆ, ಚಿಗರಿಯ ಹಿಂದೆ ಬಯಲಿನಲ್ಲಿ ಕಣ್ಣಳತೆಯಲ್ಲೇ ಬೆನ್ನಟ್ಟುವ ಈ ನಾಯಿಗೆ ವಾಸನೆಗಿಂತ ಕಣ್ಣು ಚುರುಕು. ಹೊಟ್ಟೆ ಬೆನ್ನಿಗೆ ಹತ್ತಿದಂತಿರುತ್ತದೆ, ಎದೆ ಆಳವಾಗಿರುತ್ತದೆ. ಮೈಯ ಈ ಆಕಾರ ಓಟದಿಂದ ಬಂದದ್ದು. ಯಾರೂ ಅಂದಕ್ಕಾಗಿ ಮಾಡಿದ್ದಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಧೋಳವನ್ನಾಳಿದ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಗಳ ಗುಣ ಕಂಡು ಅರಮನೆಯಲ್ಲಿ ಸಾಕಿ, ಆರಿಸಿ, ತಳಿಯಾಗಿ ಬೆಳೆಸಿದರು. ಅವರು ಒಂದು ಜೊತೆಯನ್ನು ಇಂಗ್ಲೆಂಡಿನ ಅರಸ ಐದನೆಯ ಜಾರ್ಜನಿಗೆ ಕಾಣಿಕೆ ಕೊಟ್ಟರೆಂದೂ, ಅಂದಿನಿಂದ ‘ಮುಧೋಳದ ಹೌಂಡ್’ ಎಂಬ ಹೆಸರು ನಿಂತಿತೆಂದೂ ಪ್ರತೀತಿ. ಕೆಲವರು ಈ ಕಾಣಿಕೆಯ ಇಸವಿ 1937 ಎಂದು ಬರೆಯುವುದುಂಟು. ಐದನೆಯ ಜಾರ್ಜ್ 1936ರ ಜನವರಿಯಲ್ಲೇ ತೀರಿಕೊಂಡದ್ದರಿಂದ ಅದು ಹೊಂದುವುದಿಲ್ಲ. ಕಾಣಿಕೆ ಅದಕ್ಕೂ ಹಿಂದಿನದಾಗಿರಬೇಕು. ಅದೇನೇ ಇರಲಿ, ಬೇಡನ ಗುಡಿಸಲಿನ ನಾಯಿ ಅರಮನೆಗೆ ಬಂದಾಗ ಅದರ ಬದುಕಿನಲ್ಲಿ ಒಂದು ತಿರುವು ಬಂತು. ಇಷ್ಟು ದಿನ ಅದು ಉಪಯೋಗಕ್ಕಿತ್ತು, ಈಗ ಪ್ರತಿಷ್ಠೆಗೂ ಬಂತು.

1859ರ ಎರಡು ಘಟನೆಗಳು

ಪ್ರಾಣಿಗಳನ್ನು ಅಂದಕ್ಕಾಗಿ ಬೆಳೆಸುವ ಹವ್ಯಾಸ ಪಶ್ಚಿಮದವರದ್ದು ಮಾತ್ರವೇನಲ್ಲ. ಅಕ್ಬರ್ ಬಾದಶಹನ ಜೊತೆ ಇಪ್ಪತ್ತು ಸಾವಿರ ಪಾರಿವಾಳಗಳು ಸಂಚರಿಸುತ್ತಿದ್ದವು. ಆತ ಅವುಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ಬಗೆಗಳನ್ನು ಮಾಡಿದನೆಂದು ಅಬುಲ್ ಫಜಲನ ಐನ್-ಎ-ಅಕ್ಬರಿ ಹೇಳುತ್ತದೆ. ಅಲ್ಲಿ ಪಾರಿವಾಳಗಳ ಬಣ್ಣಗಳಿಗೆ ಬೇರೆಬೇರೆ ಹೆಸರುಗಳೇ ಇವೆ. ಈ ಸಂಗತಿ ಚಾರ್ಲ್ಸ್ ಡಾರ್ವಿನ್ನನ ಕಣ್ಣಿಗೂ ಬಿದ್ದಿತ್ತು. 1859ರಲ್ಲಿ ಪ್ರಕಟವಾದ ಅವನ ‘ಜೀವಜಾತಿಗಳ ಉಗಮ’ದ ಮೊದಲ ಅಧ್ಯಾಯದಲ್ಲೇ ಅಕ್ಬರನ ಪಾರಿವಾಳಗಳ ಪ್ರಸ್ತಾಪವಿದೆ. ಅದೇ ಅಧ್ಯಾಯದಲ್ಲಿ ಡಾರ್ವಿನ್ ಇನ್ನೊಂದು ಸಂಗತಿಯನ್ನು ಎತ್ತುತ್ತಾನೆ: ಮೈಯೆಲ್ಲ ಬಿಳಿಯಾಗಿ ಕಣ್ಣು ನೀಲಿಯಾಗಿರುವ ಬೆಕ್ಕುಗಳು ಸಾಮಾನ್ಯವಾಗಿ ಕಿವುಡಾಗಿರುತ್ತವೆ. ಮನುಷ್ಯ ಒಂದು ಗುಣವನ್ನು ಆರಿಸಿದರೆ ಅದರ ಬೆನ್ನಿಗೆ ಅವನಿಗೆ ಬೇಡವಾದದ್ದೂ ಬಂದುಬಿಡಬಹುದೆಂಬ ಎಚ್ಚರಿಕೆ ಅದರಲ್ಲಿತ್ತು.

ಅದೇ 1859ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಾಯಿಗಳ ಮೊದಲ ಪ್ರದರ್ಶನ ನಡೆಯಿತು. 1873ರಲ್ಲಿ ಲಂಡನ್ನಿನಲ್ಲಿ ಕೆನ್ನೆಲ್ ಕ್ಲಬ್ ಸ್ಥಾಪನೆಯಾಯಿತು. ನಾಯಿಗೆ ವಂಶಾವಳಿ ಬರೆಯುವ ಪುಸ್ತಕ ಬಂತು, ಯಾವ ತಳಿಗೆ ಯಾವ ಬಣ್ಣ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ನಿಯಮ ಬಂತು. ಬಾಕ್ಸರ್ ತಳಿಯಲ್ಲಿ ಬಿಳಿಯಾಗಿ ಹುಟ್ಟಿದ ಮರಿಗಳನ್ನು ಹುಟ್ಟಿದ ಕೂಡಲೇ ಕೊಂದುಹಾಕುವ ರೂಢಿ ಎಷ್ಟೋ ಕಾಲ ನಡೆಯಿತು. ಇನ್ನೊಂದು ತಳಿಯಲ್ಲಿ ಬಿಳಿಯದೇ ಬೇಕು, ಉಳಿದದ್ದು ಬೇಡ. ಓಡುವ, ಕಾಯುವ, ಬೇಟೆಯಾಡುವ ಪರೀಕ್ಷೆಯ ಜಾಗದಲ್ಲಿ ನಿಂತು ತೋರಿಸುವ ಪರೀಕ್ಷೆ ಬಂತು. ಡಾರ್ವಿನ್ ಕೊಟ್ಟ ಎಚ್ಚರಿಕೆ ಪುಸ್ತಕದಲ್ಲಿ ಉಳಿಯಿತು. ಪ್ರದರ್ಶನದ ಮೈದಾನ ಜಗತ್ತಿನಾದ್ಯಂತ ಹರಡಿತು.

ಬಣ್ಣದ ಒಳಗೆ ಏನಿದೆ?

ಬಣ್ಣ ಕೂದಲಿನ ಮೇಲಿನ ಮಾತು, ಅದರಿಂದ ಜೀವಕ್ಕೇನು ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ವಿಜ್ಞಾನ ಕೊಡುವ ಉತ್ತರ ತಿಳಿಯಲು ಕಷ್ಟವಾದದ್ದಲ್ಲ. ನಾಯಿಯ ಮೈಗೆ ಬಣ್ಣ ತುಂಬುವ ಜೀವಕೋಶಗಳು ಗರ್ಭದಲ್ಲಿ ಬೆನ್ನಿನ ಭಾಗದಿಂದ ಹೊರಟು ಇಡೀ ಚರ್ಮಕ್ಕೆ ಹರಡುತ್ತವೆ. ಅದೇ ಕೋಶಗಳು ಒಳಗಿವಿಗೂ ಹೋಗುತ್ತವೆ. ಅಲ್ಲಿ ಅವು ಇಲ್ಲದಿದ್ದರೆ ಶಬ್ದವನ್ನು ಗ್ರಹಿಸುವ ನವಿರಾದ ಭಾಗಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸತ್ತುಹೋಗುತ್ತವೆ. ಮೈಯ ಬಿಳುಪು ಈ ಕೋಶಗಳ ಕೊರತೆಯಿಂದಲೇ ಬಂದದ್ದಾದರೆ ಕಿವಿಯಲ್ಲೂ ಅದೇ ಕೊರತೆ ಇರುವ ಸಂಭವ ಹೆಚ್ಚು. ಬಿಳಿ ಮೈಮೇಲೆ ಕರಿ ಚುಕ್ಕೆಯ ಡಾಲ್ಮೇಶಿಯನ್ ನಾಯಿಗಳಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಗಳ ಪ್ರಕಾರ ಸುಮಾರು ಶೇಕಡಾ 30ಕ್ಕೆ ಒಂದು ಕಿವಿಯೋ ಎರಡೂ ಕಿವಿಗಳೋ ಕೇಳಿಸುವುದಿಲ್ಲ.

‘ಮರ್ಲ್’ ಎಂಬ ಇನ್ನೊಂದು ಬಣ್ಣವಿದೆ. ಬೂದು ಮೈಮೇಲೆ ಕರಿಯ ಹರಕು ಮಚ್ಚೆಗಳು, ಕೆಲವೊಮ್ಮೆ ನೀಲಿ ಕಣ್ಣು, ನೋಡಿದವರು ಮರುಳಾಗುವಂಥದ್ದು. ಇದಕ್ಕೆ ಕಾರಣವಾದ ವಂಶವಾಹಿಯನ್ನು 2006ರಲ್ಲಿ ಗುರುತಿಸಿದರು. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಅದು ಬಂದರೆ ಸಾಮಾನ್ಯವಾಗಿ ಹೆಚ್ಚು ತೊಂದರೆಯಿಲ್ಲ. ಆದರೆ ಇಬ್ಬರೂ ಮರ್ಲ್ ಆಗಿದ್ದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದಕ್ಕೆ ಅದು ಎರಡು ಕಡೆಯಿಂದಲೂ ಬರುತ್ತದೆ. ಅಂಥ ಮರಿಗಳು ಹೆಚ್ಚುಕಡಿಮೆ ಬಿಳಿಯಾಗಿ ಹುಟ್ಟುತ್ತವೆ. ಅವುಗಳಲ್ಲಿ ಎಷ್ಟೋ ಕಿವುಡು, ಎಷ್ಟೋ ಕುರುಡು, ಕೆಲವು ಎರಡೂ. ಇನ್ನು ‘ನೀಲಿ’ ಎಂದು ಹೊಗಳಿ ಮಾರುವ ಮಾಸಲು ಬೂದು ಬಣ್ಣದ ಡಾಬರ್‌ಮನ್ ನಾಯಿಗಳಲ್ಲಿ ದಿನ ಕಳೆದಂತೆ ಬೆನ್ನಿನ ಕೂದಲು ಉದುರಿ ಚರ್ಮ ಸೋಂಕಿಗೆ ಗುರಿಯಾಗುವ ಕಾಯಿಲೆ ಸಾಮಾನ್ಯ. ಅದಕ್ಕೆ ಪೂರ್ಣ ಗುಣವಾಗುವ ಮದ್ದಿಲ್ಲ.

ಬಣ್ಣ ತಾನಾಗಿ ಹಾನಿ ಮಾಡದಿದ್ದಾಗಲೂ ಅದನ್ನು ಪಡೆಯುವ ದಾರಿ ಹಾನಿ ಮಾಡುತ್ತದೆ. ಅಪರೂಪದ ಬಣ್ಣಗಳಲ್ಲಿ ಎಷ್ಟೋ ರಕ್ತದಲ್ಲಿ ಅಡಗಿ ಬರುವಂಥವು. ತಂದೆ ತಾಯಿ ಇಬ್ಬರಲ್ಲೂ ಇದ್ದರೆ ಮಾತ್ರ ಮರಿಯ ಮೈಮೇಲೆ ಕಾಣಿಸುತ್ತವೆ. ಬೇಗ ಬೇಕೆನ್ನುವವರು ಆದ್ದರಿಂದ ಅಪ್ಪನಿಗೆ ಮಗಳನ್ನು, ಅಣ್ಣನಿಗೆ ತಂಗಿಯನ್ನು ಕೂಡಿಸುತ್ತಾರೆ. ಬಣ್ಣ ಬರುತ್ತದೆ, ನಿಜ. ಆದರೆ ಅದೇ ಬಾಗಿಲಿನಿಂದ ರಕ್ತದಲ್ಲಿ ಅಡಗಿದ್ದ ಕಾಯಿಲೆಗಳೂ ಹೊರಬರುತ್ತವೆ.

ನಮ್ಮ ಪಕ್ಕದ ತಮಿಳುನಾಡಿನಲ್ಲೇ ಇದಕ್ಕೊಂದು ಉದಾಹರಣೆ ಇದೆ. ವಿರುದುನಗರ ಜಿಲ್ಲೆಯ ರಾಜಪಾಳಯಂ ನಾಯಿ ಪಾಳೇಗಾರರ ಕಾಲದ ಹೆಸರಾಂತ ಕಾವಲು ನಾಯಿ. ಹಾಲು ಬಿಳುಪಿನ ಮೈ, ಗುಲಾಬಿ ಮೂಗು ಅದರ ಲಕ್ಷಣವೆಂದು ನಿಂತುಹೋಗಿ, ಬೇರೆ ಬಣ್ಣದ ಮರಿಗಳು ಯಾರಿಗೂ ಬೇಡವಾದವು. ಬಿಳಿಗೆ ಬಿಳಿಯನ್ನೇ ಕೂಡಿಸಿ ಕೂಡಿಸಿ ಆ ತಳಿಯಲ್ಲಿ ಕಿವುಡು ಮರಿಗಳ ಸಮಸ್ಯೆ ಬೆಳೆಯಿತು. ಕಾವಲು ಕಾಯಬೇಕಾದ ನಾಯಿಗೆ ಹೆಜ್ಜೆಯ ಸಪ್ಪಳ ಕೇಳಿಸದೆ ಹೋದರೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗಿದೆ.

ಕೆಲಸ ಕಳೆದುಕೊಂಡ ನಾಯಿ

ಮುಧೋಳದ ನಾಯಿಗೆ ಬರೋಣ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ನಮ್ಮ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಚಿಗರಿಗಳು ಉಳಿದದ್ದು ಇದರಿಂದಲೇ. ಆ ಬಗ್ಗೆ ಯಾರಿಗೂ ಎರಡು ಮಾತಿರಬಾರದು. ಆದರೆ ಚಿಗರಿಯ ಬೆನ್ನು ಹತ್ತುವುದಕ್ಕೆಂದೇ ತಲೆಮಾರುಗಳಿಂದ ಬೆಳೆದು ಬಂದ ನಾಯಿಯ ಕೆಲಸ ಅಲ್ಲಿಗೆ ಮುಗಿಯಿತು. ಅರಸರು ಅದಕ್ಕೂ ಮೊದಲೇ ಹೋಗಿದ್ದರು. ಕೆಲಸವಿಲ್ಲದ ನಾಯಿಯನ್ನು ಸಾಕುವುದಕ್ಕೆ ಇನ್ನೊಂದು ಕಾರಣ ಬೇಕಾಯಿತು. ಆ ಕಾರಣವನ್ನು ಪೇಟೆ ಒದಗಿಸಿತು.

ಸರಕಾರದ ಗಮನವೂ ತಡವಾಗಿಯಾದರೂ ಬಂತು. 2005ರ ಜನವರಿ 9ರಂದು ಅಂಚೆ ಇಲಾಖೆ ಹೊರತಂದ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ರಾಜಪಾಳಯಂ ಕೂಡ ಇದ್ದವು. 2009-10ರ ಹೊತ್ತಿಗೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ತೆರೆಯಿತು. 2016ರಲ್ಲಿ ಮರಿಗಳನ್ನು ಮೇರಠ್‌ನ ಸೇನಾ ತರಬೇತಿ ಕೇಂದ್ರಕ್ಕೆ ಒಯ್ದರು. 2020ರಲ್ಲಿ ಪ್ರಧಾನಿಯವರು ತಮ್ಮ ರೇಡಿಯೋ ಭಾಷಣದಲ್ಲಿ ಈ ನಾಯಿಯ ಹೆಸರು ಹೇಳಿದ ಮೇಲಂತೂ ಬೇಡಿಕೆ ಏರಿತು. ಮುಧೋಳ ಸೀಮೆಯ ಎಷ್ಟೋ ಬಡ ಕುಟುಂಬಗಳಿಗೆ ಮರಿ ಮಾರಾಟವೇ ಸಂಸಾರ ನಡೆಸುವ ದಾರಿ. ಹೊಲವಿಲ್ಲದವನಿಗೆ ಒಂದು ಸೂಲಿನ ಮರಿಗಳು ಒಂದು ಬೆಳೆಯಿದ್ದಂತೆ. ಅವನನ್ನು ಮಾತ್ರ ದೂರುವುದು ಸುಲಭ, ಆದರೆ ನ್ಯಾಯವಲ್ಲ. ಬಣ್ಣ ಕೇಳುವವನು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾನೆ. ಕೊಳ್ಳುವವನು ಬಣ್ಣಕ್ಕೆ ಹೆಚ್ಚು ಕೊಟ್ಟರೆ ಮಾರುವವನು ಬಣ್ಣವನ್ನೇ ಬೆಳೆಯುತ್ತಾನೆ.

ಮುಧೋಳದ ನಾಯಿಯ ಒಂದು ಪುಣ್ಯವೆಂದರೆ ಇಂದಿಗೂ ಅದಕ್ಕೆ ಒಂದೇ ಬಣ್ಣ ಎಂಬ ಕಟ್ಟುಪಾಡಿಲ್ಲ. ಕಪ್ಪು, ಕಂದು, ಜಿಂಕೆ ಬಣ್ಣ, ಬೂದು, ಬಿಳಿ, ಮಚ್ಚೆ ಎಲ್ಲವೂ ಇವೆ, ಎಲ್ಲವೂ ಮುಧೋಳವೇ. ಬೇಟೆಯವನು ಬಣ್ಣ ಕೇಳದೆ ಓಟ ಕೇಳಿದ್ದರಿಂದ ಉಳಿದ ಸಂಪತ್ತು ಇದು. ರಾಜಪಾಳಯಂ ನಡೆದ ದಾರಿಯನ್ನು ಇದು ಹಿಡಿಯಬಾರದು.

ಕಾನೂನು ಇಲ್ಲವೆಂದಲ್ಲ. 2017ರಲ್ಲಿ ಕೇಂದ್ರ ಸರಕಾರ ನಾಯಿ ತಳಿ ಬೆಳೆಸುವ ಮತ್ತು ಮಾರುವವರಿಗೆ ನಿಯಮಗಳನ್ನು ತಂದಿತು. ನೋಂದಣಿ ಕಡ್ಡಾಯ, ಹೆಣ್ಣುನಾಯಿಗೆ ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸಲ್ಲದು, ಎಂಟು ವಾರವಾಗದ ಮರಿಯನ್ನು ಮಾರುವಂತಿಲ್ಲ. ಆದರೆ ಕಾನೂನು ಹಿತ್ತಲಿನ ಗೂಡಿನವರೆಗೆ ತಲುಪುವುದು ಅಪರೂಪ. ಬಣ್ಣದ ಆಸೆಗೆ ಅದು ಕಡಿವಾಣ ಹಾಕಲಾರದು.

ಕೇಳಬೇಕಾದ ಪ್ರಶ್ನೆಗಳು

ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕರಿ ಉಣ್ಣೆ ಹೊತ್ತ ಕುರಿಗೆ ಆ ಬಣ್ಣದಿಂದ ಯಾವ ಕಷ್ಟವೂ ಇಲ್ಲ. ಟಗರು ಮುದಿಯಾಗುವ ಮೊದಲೇ ಕುರುಬ ಬೇರೆ ಮಂದೆಯಿಂದ ಹೊಸ ಟಗರನ್ನು ತರುತ್ತಾನೆ. ಕರಿ ಕುರಿಗಳ ನಡುವೆ ಬಿಳಿ ಮರಿಯೊಂದು ಹುಟ್ಟಿದರೆ ಅದೂ ಮಂದೆಯಲ್ಲೇ ಮೇಯುತ್ತದೆ. ನಾಯಿಯ ಬಣ್ಣದ ವ್ಯಾಪಾರವನ್ನು ಈ ಮೂರು ಮಾತುಗಳಿಂದಲೇ ಅಳೆಯಬಹುದು. ಆ ಬಣ್ಣದ ಜೊತೆ ನಾಯಿಗೆ ನೋವು ಬರುತ್ತದೆಯೇ? ಆ ಬಣ್ಣ ಪಡೆಯಲು ರಕ್ತಸಂಬಂಧದಲ್ಲಿ ಕೂಡಿಸಿದ್ದಾರೆಯೇ? ಬೇಕಾದ ಬಣ್ಣದ್ದಲ್ಲದ ಮರಿಗಳು ಎಲ್ಲಿ ಹೋದವು? ಮೂರನೆಯ ಪ್ರಶ್ನೆಗೆ ಮಾರುವವರು ಉತ್ತರ ಕೊಡುವುದು ಬಹಳ ಕಡಿಮೆ. ರಸ್ತೆಯ ಬದಿಯಲ್ಲಿ, ಊರ ಹೊರಗಿನ ತಿಪ್ಪೆಯಲ್ಲಿ ಅದರ ಉತ್ತರ ಬಿದ್ದಿರುತ್ತದೆ.

ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿ, ಜಾನುವಾರುಗಳ ಕಿವಿ ಸೀಳಿಸುವುದನ್ನೂ ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದನ್ನೂ ಶೈತಾನನ ಪ್ರೇರಣೆಗಳೆಂದು ಹೇಳಲಾಗಿದೆ. ತಳಿ ಬೆಳೆಸುವುದೆಲ್ಲವನ್ನೂ ಇದರಲ್ಲಿ ಸೇರಿಸುವುದು ಸರಿಯಲ್ಲ. ಹಾಗೆಂದರೆ ನಮ್ಮ ಎತ್ತು, ಎಮ್ಮೆ, ಜೋಳವೇ ಉಳಿಯುವುದಿಲ್ಲ. ಆದರೆ ಕಿವಿ ಸೀಳುವುದಕ್ಕೂ, ಕಿವಿ ಕೇಳಿಸದಂತೆಯೇ ಹುಟ್ಟಿಸುವುದಕ್ಕೂ ನೀತಿಯ ದೃಷ್ಟಿಯಲ್ಲಿ ಎಷ್ಟು ಅಂತರವಿದೆ? ಮೂಕಪ್ರಾಣಿಯ ಮೈಮೇಲೆ ಮನುಷ್ಯನಿಗೆ ಹಕ್ಕಿದೆ ಎನ್ನುವ ಎಲ್ಲ ಧರ್ಮಗಳೂ ಆ ಹಕ್ಕಿಗೆ ಲೆಕ್ಕ ಕೊಡಬೇಕೆಂದೂ ಹೇಳುತ್ತವೆ.

ನಾಯಿಯ ಬಣ್ಣದ ಹುಚ್ಚು ನಾಯಿಯಿಂದ ಶುರುವಾದದ್ದಲ್ಲ ಎಂಬುದನ್ನೂ ನಾವು ನೆನಪಿಡಬೇಕು. ಹೆಣ್ಣು ನೋಡಲು ಹೋದಾಗ ಮೊದಲು ಬಣ್ಣ ಕೇಳುವವರು ನಾವು. ಪತ್ರಿಕೆಗಳ ವರ-ವಧು ಅಂಕಣದಲ್ಲಿ ‘ಗೋಧಿ ಬಣ್ಣ’, ‘ಎಣ್ಣೆಗೆಂಪು’ ಎಂದು ಬರೆಸುವವರು ನಾವು. ಹಿಂದೂಗಳಲ್ಲೂ ಮುಸ್ಲಿಮರಲ್ಲೂ ಇದರಲ್ಲಿ ಭೇದವಿಲ್ಲ. ಮನೆಯ ಮಗಳನ್ನೇ ಬಣ್ಣದಿಂದ ತೂಗುವ ಸಮಾಜ ನಾಯಿಮರಿಯನ್ನು ಬಿಟ್ಟೀತೇ? ಮಗಳಿಗಾದರೂ ಬಾಯಿದೆ, ಓದಿದರೆ ಎದುರು ನಿಲ್ಲುತ್ತಾಳೆ. ನಾಯಿಗೆ ಅದೂ ಇಲ್ಲ.

ನಾಯಿ ಸಾಕಬೇಕೆನ್ನುವವರು ಸಾಕಲಿ. ಬೀದಿಯಲ್ಲಿ ಹುಟ್ಟಿದ ಮರಿಯೊಂದನ್ನು ತಂದರೆ ಬಹಳ ಒಳ್ಳೆಯದು. ಮುಧೋಳದ್ದೇ ಬೇಕೆಂದರೆ ಅದರ ತಾಯಿಯನ್ನು ನೋಡಿ, ಅದಕ್ಕೆ ಎಷ್ಟನೆಯ ಸೂಲು ಎಂದು ಕೇಳಿ, ತಂದೆ ಯಾವುದೆಂದು ವಿಚಾರಿಸಿ. ಮರಿಯ ಹಿಂದೆ ನಿಂತು ಮೆಲ್ಲಗೆ ಚಪ್ಪಾಳೆ ತಟ್ಟಿ, ತಿರುಗಿ ನೋಡುತ್ತದೆಯೇ ಗಮನಿಸಿ. ಸಂಶಯ ಬಂದರೆ ಪಶುವೈದ್ಯರಿಗೆ ತೋರಿಸಿ. ಅದಕ್ಕೆ ಓಡಲು ಬಯಲಿದೆಯೇ ಎಂದು ನಿಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳಿ. ಇಷ್ಟನ್ನೂ ವಿಚಾರಿಸಿ ಮುಗಿಸಿದ ಮೇಲೆ ಅದರ ಬಣ್ಣ ಯಾವುದಿದ್ದರೂ ಸರಿ, ಕರಿಯ ಎಂದೋ ಕೆಂಚ ಎಂದೋ ಒಂದು ಹೆಸರಿಟ್ಟು ಕರೆಯಿರಿ.